ಕಿರುಬೆರಳಿಗೇ ಯಾಕಿಷ್ಟು ದುಡಿಮೆ?

ಆರೋಗ್ಯ ಪ್ರಶ್ನೋತ್ತರ

ಪ್ರಶ್ನೆ: ನನಗೆ 41 ವರ್ಷ. ಮುದ್ರಣಾಲಯವೊಂದರಲ್ಲಿ ಡಿಟಿಪಿ ಕೆಲಸ. ದಿನವಿಡೀ ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುತ್ತೇನೆ. ಕೆಲವು ತಿಂಗಳಿಂದ ಎಡಗೈ ಮಣಿಕಟ್ಟು ಕಿರುಬೆರಳ ಕಡೆಗೆ ನೋಯುತ್ತಿದೆ, ಸಂಜೆ ಹೊತ್ತಿಗೆ ಮುಂಗೈ ಬಿಗಿದುಕೊಳ್ಳುತ್ತದೆ. ಮೌಸ್ ಹಿಡಿದು ಪುಟ ಕಟ್ಟುವಾಗ ಬಲಭುಜವೂ ಹಿಡಿದುಕೊಳ್ಳುತ್ತದೆ. ಜೋಮು ಇಲ್ಲ. ಎರಡು ಹೋಳಾದ ಕೀಬೋರ್ಡ್ ತರಿಸಿಕೋ ಅನ್ನುತ್ತಾಳೆ ಮಗಳು. ಬೆಲೆ ನೋಡಿ ಹೆದರಿದ್ದೇನೆ. ನಿಜಕ್ಕೂ ಬೇಕೇ ಡಾಕ್ಟರ್?
- ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಸದ್ಯಕ್ಕೆ ದುಡ್ಡು ಬಿಚ್ಚಬೇಡಿ. ನಿಮ್ಮ ಎಡಗೈ ನೋವಿನ ಮೂಲ ಬಹುಶಃ ಶಿಫ್ಟ್ ಕೀಲಿ.

ನುಡಿಯಲ್ಲಿ ನೀವು ಬಳಸುವುದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಅದರಲ್ಲಿ ದೀರ್ಘಗಳು, ಮಹಾಪ್ರಾಣಗಳು, ಣ, ಳ, ಕೊನೆಗೆ ಸೊನ್ನೆಯೂ ಶಿಫ್ಟ್ ಒತ್ತಿದರೇ ಬರುವುದು. ‘ಕನ್ನಡ’ ಎಂದು ಬರೆಯಲು ಶಿಫ್ಟ್ ಬೇಡ. ‘ಬೆಂಗಳೂರು’ ಎನ್ನಲು ಮೂರು ಸಲ ಬೇಕು, ‘ಧಾರವಾಡ’ಕ್ಕೂ ಮೂರು ಸಲ. ಕಲಿಯುವುದಕ್ಕೆ ಬಹಳ ಸುಲಭವಾದ ವಿನ್ಯಾಸ ಅದು, ಅದರ ಮೇಲೆ ನನ್ನ ತಕರಾರಿಲ್ಲ. ತಕರಾರು ಶಿಫ್ಟ್ ಕೀಲಿಯನ್ನು ಕೂರಿಸಿರುವ ಜಾಗದ ಬಗ್ಗೆ. ಐದರಲ್ಲಿ ಬಲ ಕಡಿಮೆ ಇರುವ ಬೆರಳು ಕಿರುಬೆರಳು. ಶಿಫ್ಟ್, ಕಂಟ್ರೋಲ್, ಎಂಟರ್, ಬ್ಯಾಕ್‌ಸ್ಪೇಸ್ ಎಲ್ಲವೂ ಅದರ ಪಾಲಿಗೇ ಬಂದಿವೆ.

ಇನ್ನೊಂದು ತೊಡಕಿದೆ. ಕಾ, ಮಾ, ಬಾ ಎನ್ನುವಾಗ ಬರುವ ಇಳಿ ಇರುವುದು ‘ಎ’ ಕೀಲಿಯಲ್ಲಿ. ಅದು ಎಡಗೈ ಕಿರುಬೆರಳ ಜಾಗ. ಅದೇ ಬೆರಳು ಎಡಗಡೆಯ ಶಿಫ್ಟನ್ನೂ ಒತ್ತಬೇಕೆಂದರೆ ಆಗದ ಮಾತು. ಹಾಗಾಗಿ ಕಿರುಬೆರಳನ್ನು ಶಿಫ್ಟ್ ಮೇಲೆ ಊರಿ, ಉಂಗುರ ಬೆರಳನ್ನು ‘ಎ’ ಕಡೆಗೆ ಎಳೆದು, ಮಣಿಕಟ್ಟನ್ನು ಹೊರಕ್ಕೆ ತಿರುಚಿ ಒತ್ತುತ್ತೀರಿ. ನಾನು ನೋಡಿದ ಡಿಟಿಪಿಯವರಲ್ಲಿ ಹೆಚ್ಚಿನವರು ಬಲಗಡೆಯ ಶಿಫ್ಟನ್ನು ಮುಟ್ಟುವುದೇ ಇಲ್ಲ. ಎಡಗೈ ಅಕ್ಷರಕ್ಕೆ ಬಲಗಡೆಯ ಶಿಫ್ಟ್, ಬಲಗೈ ಅಕ್ಷರಕ್ಕೆ ಎಡಗಡೆಯದು ಎಂಬ ಟೈಪಿಂಗ್ ಶಾಲೆಯ ಹಳೆಯ ಪಾಠಕ್ಕೆ ಮರಳಿ. ವೇಗ ಕೆಲವು ದಿನ ಕುಗ್ಗೀತು, ಕುಗ್ಗಲಿ. ಅದು ಕಷ್ಟವೆನಿಸಿದರೆ ವಿಂಡೋಸ್‌ನಲ್ಲಿ ಸ್ಟಿಕಿ ಕೀಸ್ ಎಂಬ ಸೌಲಭ್ಯವಿದೆ. ಶಿಫ್ಟನ್ನು ಒಂದರ ಹಿಂದೊಂದು ಐದು ಸಲ ತಟ್ಟಿದರೆ ಅದನ್ನು ಚಾಲೂ ಮಾಡಲೇ ಎಂದು ಕೇಳುತ್ತದೆ. ಆಮೇಲೆ ಶಿಫ್ಟನ್ನು ಅದುಮಿ ಹಿಡಿಯಬೇಕಿಲ್ಲ. ಒಮ್ಮೆ ತಟ್ಟಿ ಬಿಟ್ಟು, ಅಕ್ಷರ ಒತ್ತಿದರಾಯಿತು. ನಿಮ್ಮ ತಂತ್ರಾಂಶದ ಜೊತೆ ಹೊಂದುತ್ತದೆಯೇ ಎಂದು ಮೊದಲು ಪರೀಕ್ಷಿಸಿಕೊಳ್ಳಿ.

ಕೀಬೋರ್ಡಿನ ಹಿಂಬದಿಯ ಎರಡು ಕಾಲುಗಳನ್ನು ಮಡಚಿಬಿಡಿ. ಅವು ಎದ್ದು ನಿಂತರೆ ಮಣಿಕಟ್ಟು ಮೇಲಕ್ಕೆ ಬಾಗುತ್ತದೆ, ಅದರಿಂದ ಕೈಗೆ ಯಾವ ಉಪಕಾರವೂ ಇಲ್ಲ.

ಬಲಭುಜದ ನೋವಿಗೆ ಅಂಕಿಗಳ ಪಟ್ಟಿ ಕಾರಣವಿರಬಹುದು. ಕೀಬೋರ್ಡಿನ ಬಲತುದಿಯ ಆ ಪಟ್ಟಿ ಮೌಸನ್ನು ಸುಮಾರು ಎಂಟು ಸೆಂಟಿಮೀಟರ್ ಆಚೆಗೆ ತಳ್ಳುತ್ತದೆ. ರಟ್ಟೆ ಮೈಯಿಂದ ದೂರ ಸರಿದಷ್ಟೂ ಭುಜದ ಸ್ನಾಯು ಗಂಟೆಗಟ್ಟಲೆ ಅದರ ಭಾರ ಹೊರಬೇಕು. ಹಣ ಖರ್ಚು ಮಾಡಲೇಬೇಕೆಂದಿದ್ದರೆ ಅಂಕಿ ಪಟ್ಟಿಯಿಲ್ಲದ ಸಾದಾ ಕೀಬೋರ್ಡ್ ಕೊಳ್ಳಿ, ಹೋಳು ಕೀಬೋರ್ಡಿಗೆ ಹೋಲಿಸಿದರೆ ಅಗ್ಗ. ಎಡಗೈಗೆ ಮೌಸ್ ಬದಲಿಸಿ ಎಂದು ಕೆಲವರಿಗೆ ಹೇಳುವುದುಂಟು, ನಿಮಗೆ ಹೇಳಲಾರೆ, ನೋಯುತ್ತಿರುವುದೇ ಆ ಕೈ. ಆರು ವಾರದಲ್ಲಿ ಇಳಿಮುಖವಾಗದಿದ್ದರೆ ಫಿಸಿಯೋಥೆರಪಿಸ್ಟರನ್ನು ಕಾಣಿ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿ. ನಮ್ಮ ತಂಡ ಪ್ರಾಜೆಕ್ಟ್‌ಗೆ ಹೊಸ ಬಗೆಯ ಮೌಸ್ ಮತ್ತು ಕೀಬೋರ್ಡ್ ವಿನ್ಯಾಸ ಆರಿಸಿಕೊಂಡಿದೆ. ವೈದ್ಯರಾಗಿ ನೀವು ಏನು ಬದಲಾಗಬೇಕು ಅನ್ನುತ್ತೀರಿ ಸರ್?
- ವಿದ್ಯಾರ್ಥಿ, ಮೈಸೂರು

ಉತ್ತರ: ಇಂಥ ಪತ್ರ ಬರುವುದು ಅಪರೂಪ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಈಗಿನ ಕೀಲಿಮಣೆಯಲ್ಲಿ ಸಾಲಿನಿಂದ ಸಾಲಿಗೆ ಕೀಲಿಗಳು ಓರೆಯಾಗಿ ಸರಿದಿರುತ್ತವಲ್ಲ, ಅದು 1870ರ ದಶಕದ ಟೈಪ್‌ರೈಟರ್‌ನಿಂದ ಉಳಿದು ಬಂದದ್ದು. ಅಡಿಯಲ್ಲಿದ್ದ ಸನ್ನೆಗಳು ಒಂದಕ್ಕೊಂದು ತಾಗದಿರಲಿ ಎಂದು ಹಾಗೆ ಮಾಡಿದ್ದರು. ಸನ್ನೆಗಳು ಹೋಗಿ ಎಷ್ಟೋ ಕಾಲವಾಯಿತು. ಬೆರಳು ಚಾಚುವುದು, ಮಡಚುವುದು ನೇರ ಗೆರೆಯಲ್ಲಿ, ಆದ್ದರಿಂದ ಕೀಲಿಗಳನ್ನೂ ಬೆರಳಿಗೊಂದು ನೇರ ಕಂಬಸಾಲಿನಲ್ಲಿ ಜೋಡಿಸಿ. ಕೀಲಿಮಣೆಯನ್ನು ಎರಡು ಹೋಳು ಮಾಡುವ ಯೋಚನೆಯೂ ಹೊಸದಲ್ಲ. ಜರ್ಮನಿಯ ಕ್ಲೋಕೆನ್‌ಬರ್ಗ್ 1926ರಲ್ಲೇ ಅದನ್ನು ಸೂಚಿಸಿದ್ದರು, ಮೈಕ್ರೋಸಾಫ್ಟ್ 1994ರಲ್ಲಿ ಅಂಥದೊಂದನ್ನು ಮಾರುಕಟ್ಟೆಗೆ ತಂದಿತು. ಹೋಳು ಮಾಡಿದರೆ ಮಣಿಕಟ್ಟು ಹೊರಕ್ಕೆ ತಿರುಚುವುದು ನಿಜಕ್ಕೂ ತಗ್ಗುತ್ತದೆ. ಆದರೆ ನನ್ನ ಕಣ್ಣಲ್ಲಿ ಅದಕ್ಕಿಂತ ಮುಖ್ಯವಾದದ್ದು ಹೆಬ್ಬೆರಳು. ಕೈಯ ಅತಿ ಬಲಶಾಲಿ ಬೆರಳುಗಳೆರಡನ್ನೂ ಸ್ಪೇಸ್ ಬಾರ್ ಎಂಬ ಒಂದೇ ಕೀಲಿಗೆ ಕಟ್ಟಿಹಾಕಿದ್ದೇವೆ. ಆ ಉದ್ದನೆಯ ಪಟ್ಟಿಯನ್ನು ನಾಲ್ಕು ತುಂಡು ಮಾಡಿ ಒಂದಕ್ಕೆ ಶಿಫ್ಟ್, ಇನ್ನೊಂದಕ್ಕೆ ಬ್ಯಾಕ್‌ಸ್ಪೇಸ್ ಕೊಡಿ. ಇಂಗ್ಲಿಷ್ ಬರೆಯುವವರಿಗೆ ಶಿಫ್ಟ್ ಬೇಕಾಗುವುದು ಹೆಚ್ಚಾಗಿ ವಾಕ್ಯದ ಮೊದಲಿಗೆ, ಹೆಸರುಗಳ ಮೊದಲಿಗೆ. ಕನ್ನಡದವರಿಗೆ ಪದಪದಕ್ಕೂ ಬೇಕು. ಮೇಲಿನ ಹುಬ್ಬಳ್ಳಿಯವರ ಪತ್ರ ಓದಿದರೆ ನಿಮಗೆ ಪ್ರಾಜೆಕ್ಟಿನ ವಿಷಯ ಅಲ್ಲೇ ಸಿಗುತ್ತದೆ.

ಇನ್ನು ಮೌಸ್. ಡಗ್ಲಸ್ ಎಂಗೆಲ್‌ಬರ್ಟ್ ಅವರ ಕಲ್ಪನೆಯಂತೆ ಬಿಲ್ ಇಂಗ್ಲಿಷ್ 1964ರಲ್ಲಿ ಕಟ್ಟಿದ ಮೊದಲ ಮೌಸ್ ಒಂದು ಮರದ ಪೆಟ್ಟಿಗೆ, ಅದರ ಮೇಲೆ ಅಂಗೈ ಬೋರಲು. ಆಕಾರ ನುಣುಪಾಯಿತು, ಅಂಗೈ ಮಾತ್ರ ಇವತ್ತಿಗೂ ಬೋರಲೇ. ಅಂಗೈ ನೆಲ ನೋಡುವಂತೆ ಇಟ್ಟಾಗ ಮುಂಗೈಯ ಎರಡು ಮೂಳೆಗಳಲ್ಲಿ ಒಂದು ಇನ್ನೊಂದರ ಮೇಲೆ ಅಡ್ಡ ಬರುತ್ತದೆ. ಕೈಕುಲುಕುವ ಭಂಗಿಯಲ್ಲಿ ಹಿಡಿಯುವ ವರ್ಟಿಕಲ್ ಮೌಸ್ ಈ ತಿರುಚನ್ನು ಕಡಿಮೆ ಮಾಡುತ್ತದೆ. ಆದರೆ ಅದೊಂದರಿಂದಲೇ ನೋವು ವಾಸಿಯಾಗುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಮುಂಗೈಗೆ ಆಸರೆಯನ್ನೂ ಜೊತೆಗೆ ಕೊಟ್ಟಾಗ ಕುತ್ತಿಗೆ, ಭುಜದ ತೊಂದರೆ ಕಡಿಮೆಯಾಗಬಹುದು ಎಂಬುದಕ್ಕೆ ಒಂದಿಷ್ಟು ಪುರಾವೆ ಇದೆ. ಹಾಗಾಗಿ ಮೌಸ್ ಒಂದನ್ನೇ ವಿನ್ಯಾಸ ಮಾಡದೆ ಮೇಜಿನ ಅಂಚು, ಕುರ್ಚಿಯ ಕೈ ಎರಡನ್ನೂ ಸೇರಿಸಿಕೊಳ್ಳಿ.

ಯಾರೂ ಗಮನಿಸದ ಸಂಗತಿಯೊಂದಿದೆ. ಮೌಸ್ ಹಿಡಿದವರ ತೋರುಬೆರಳು, ನಡುಬೆರಳು ನೋಡಿ, ಎಷ್ಟೋ ಜನ ಅವನ್ನು ಗುಂಡಿಯಿಂದ ತುಸು ಮೇಲಕ್ಕೆತ್ತಿಯೇ ಹಿಡಿದಿರುತ್ತಾರೆ. ತಪ್ಪಿ ಕ್ಲಿಕ್ ಆದೀತೆಂಬ ಭಯ. ಆ ಎತ್ತಿ ಹಿಡಿಯುವಿಕೆಯೇ ಮುಂಗೈ ಮೇಲ್ಭಾಗದ ಸ್ನಾಯುಗಳನ್ನು ದಣಿಸುತ್ತದೆ. ಬೆರಳಿನ ಪೂರ್ತಿ ಭಾರ ಬಿಟ್ಟರೂ ಕ್ಲಿಕ್ ಆಗದಂಥ, ಆದರೆ ಬೇಕೆಂದಾಗ ಹಗುರಾಗಿ ಒತ್ತಿದರೆ ಸಾಕಾಗುವಂಥ ಗುಂಡಿ ಮಾಡಿಕೊಡಿ. ಚಕ್ರವನ್ನು ನಡುಬೆರಳಿನಿಂದ ಬಿಡಿಸಿ ಬೇರೆಡೆಗೆ ಒಯ್ಯಿರಿ, ಹಾಗಂತ ಎಲ್ಲವನ್ನೂ ಹೆಬ್ಬೆರಳಿಗೂ ಹೇರಬೇಡಿ. ಹೆಬ್ಬೆರಳಿನಿಂದ ಉರುಳಿಸುವ ಟ್ರ್ಯಾಕ್‌ಬಾಲ್ ಕೊಂಡು, ಹೆಬ್ಬೆರಳ ಬುಡದ ನೋವಿನೊಂದಿಗೆ ನನ್ನಲ್ಲಿಗೆ ಬಂದವರಿದ್ದಾರೆ.

ಅಳತೆಯೂ ಮುಖ್ಯ. ಚಪ್ಪಲಿಗೆ ನಂಬರ್ ಇದೆ, ಕಚೇರಿಯಲ್ಲಿ ಕೊಡುವ ಮೌಸ್‌ಗಿಲ್ಲ. ಎರಡು ಕೀಲಿಗಳ ನಡುವಿನ 19 ಮಿಲಿಮೀಟರ್ ಅಂತರವೂ ಎಲ್ಲ ಕೈಗೂ ಒಂದೇ. ನಿಮ್ಮ ಮಾದರಿಯನ್ನು ಹಾಸ್ಟೆಲ್ ಹುಡುಗರ ಕೈಯಲ್ಲೇ ಪರೀಕ್ಷಿಸಿ ಮುಗಿಸಬೇಡಿ. ಚಿಕ್ಕ ಕೈಯ ಹೆಂಗಸರು, ಐವತ್ತು ದಾಟಿದ ಗುಮಾಸ್ತರು, ಎಡಚರು ವಾರಗಟ್ಟಲೆ ಬಳಸಲಿ. ಅವರಿಂದ ಕನ್ನಡವನ್ನೇ ಟೈಪ್ ಮಾಡಿಸಿ. ಮೊದಲ ದಿನದ ವೇಗ ನೋಡಿ ತೀರ್ಮಾನಕ್ಕೆ ಬಂದರೆ ಹಳೆಯ ಕೀಲಿಮಣೆಯೇ ಗೆಲ್ಲುತ್ತದೆ.

ಪ್ರಶ್ನೆ: ಮಣಿಕಟ್ಟಿನ ಕೆಳಗೆ ಇಟ್ಟುಕೊಳ್ಳುವ ಜೆಲ್ ದಿಂಬು ಒಳ್ಳೆಯದೇ?
- ಓದುಗರು, ಉಡುಪಿ

ಉತ್ತರ: ಟೈಪ್ ಮಾಡುವಾಗ ಬೇಡ, ನಡುವೆ ನಿಲ್ಲಿಸಿದಾಗ ಪರವಾಗಿಲ್ಲ. ಆಗಲೂ ಅಂಗೈಯ ಬುಡವನ್ನು ಊರಿ. ಮಣಿಕಟ್ಟಿನ ಒಳಬದಿಯನ್ನು ದಿಂಬಿಗೆ ಒತ್ತಿದರೆ ಅಲ್ಲೇ ಕೆಳಗೆ ಹಾದುಹೋಗುವ ನರವನ್ನು ಅದುಮಿದಂತೆ.

ಪ್ರಶ್ನೆ: ವಯಸ್ಸು 52, ಬ್ಯಾಂಕಿನಲ್ಲಿ ಕೆಲಸ. ಸಕ್ಕರೆ ಕಾಯಿಲೆ ಇದೆ. ರಾತ್ರಿ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತದೆ. ಕೈ ಕೊಡವಿದರೆ ಸರಿಹೋಗುತ್ತದೆ. ಮೌಸ್ ಬದಲಿಸಿದರೂ ಕಡಿಮೆಯಾಗಿಲ್ಲ.
- ಹೆಸರು ಬೇಡ, ಶಿವಮೊಗ್ಗ

ಉತ್ತರ: ಮೌಸ್ ಬದಲಿಸಿದರೂ ಕಡಿಮೆಯಾಗದಿರುವುದು ಆಶ್ಚರ್ಯವಲ್ಲ. ನೀವು ಹೇಳುವ ಮೂರು ಬೆರಳು, ರಾತ್ರಿಯ ಜೋಮು, ಕೊಡವಿದಾಗ ಸಿಗುವ ನೆಮ್ಮದಿ, ಇವೆಲ್ಲ ಕಾರ್ಪಲ್ ಟನೆಲ್ ತೊಂದರೆಯ ಲಕ್ಷಣ. ಮಣಿಕಟ್ಟಿನ ಇಕ್ಕಟ್ಟಾದ ಕೊಳವೆಯಲ್ಲಿ ಒಂಬತ್ತು ಸ್ನಾಯುರಜ್ಜುಗಳ ಜೊತೆ ಮೀಡಿಯನ್ ನರ ಸಾಗುತ್ತದೆ. ಒಳಗೆ ಒತ್ತಡ ಹೆಚ್ಚಿದರೆ ಮೊದಲು ನಲುಗುವುದು ನರ. ಜನ ಇದಕ್ಕೆ ಕಂಪ್ಯೂಟರನ್ನು ದೂರುತ್ತಾರೆ, ಆದರೆ ಆ ನಂಟು ದುರ್ಬಲ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಗರ್ಭಾವಸ್ಥೆ, ಬೊಜ್ಜು ಇವುಗಳ ಪಾತ್ರ ಹೆಚ್ಚು ಖಚಿತ. ಕಿರುಬೆರಳು ಮತ್ತು ಅದರ ಪಕ್ಕದ ಅರ್ಧ ಬೆರಳು ಜೋಮು ಹಿಡಿಯುತ್ತಿದ್ದರೆ ಮೊಣಕೈ ಬಳಿಯ ಬೇರೊಂದು ನರವನ್ನು ನೋಡಬೇಕಾಗುತ್ತಿತ್ತು.

ರಾತ್ರಿ ಮಲಗುವಾಗ ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಪಟ್ಟಿ ಕಟ್ಟಿಕೊಳ್ಳಿ, ಕೆಲವು ವಾರ ಬಿಡದೆ ಕಟ್ಟಬೇಕು. ಸಕ್ಕರೆ ಮಟ್ಟ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಹೆಬ್ಬೆರಳ ಬುಡದ ಮಾಂಸ ಸೊರಗಿದ್ದರೆ, ಅಂಗಿಯ ಗುಂಡಿ ಹಾಕಲು ತಡವರಿಸುತ್ತಿದ್ದರೆ, ಲೋಟ ಕೈಜಾರುತ್ತಿದ್ದರೆ ಇನ್ನೊಂದು ಮೌಸ್ ಕೊಳ್ಳಲು ಹೋಗಬೇಡಿ. ತಡಮಾಡದೆ ನರತಜ್ಞರ ಬಳಿ ಹೋಗಿ ನರಗಳ ವಹನ ಪರೀಕ್ಷೆ ಮಾಡಿಸಿಕೊಳ್ಳಿ.