ಹಿರಿಯ ಗಡಿಯಾರವಿಲ್ಲದ ಜಾಲ: ಒಂದು ಬೋಧನಾಭ್ಯಾಸ ಪಾಠ

ಕೆಂಗೇರಿಯ ಪ್ರೌಢಶಾಲೆಯೊಂದರ ಒಂಬತ್ತನೇ ತರಗತಿಯಲ್ಲಿ ‘ಅಡ್‌ಹಾಕ್ ನಿಸ್ತಂತು ಜಾಲದಲ್ಲಿ ಸಮಯ ಹೊಂದಾಣಿಕೆ’ ಕುರಿತು ಪಾಠ ಮಾಡಿದೆ. ಹತ್ತಿರದ ಬ್ಯಾಲಾಳುವಿನ ಇಸ್ರೋ ಕೇಂದ್ರದ ಪರಮಾಣು ಗಡಿಯಾರಗಳು ನಾವಿಕ್ ವ್ಯವಸ್ಥೆಗೆ ಸಮಯ ನೀಡುತ್ತವೆ. ಅಂಥ ಕೇಂದ್ರವಿಲ್ಲದೆ ಸಾಧನಗಳು ತಾವೇ ಜಾಲ ಕಟ್ಟಿಕೊಂಡರೆ ಯಾರ ಗಡಿಯಾರವನ್ನು ನಂಬುವುದು? ಇದೇ ನನ್ನ ಪೀಠಿಕಾ ಪ್ರಶ್ನೆ. ವಿದ್ಯುತ್ ಉಳಿಸಲು ಮಲಗುವ ಸಾಧನಗಳು ಒಟ್ಟಿಗೇ ಎಚ್ಚರಗೊಳ್ಳದಿದ್ದರೆ ಒಂದರ ಕರೆ ಇನ್ನೊಂದಕ್ಕೆ ಕೇಳಿಸದು.

ವೈಫೈನ 802.11 ಮಾನಕದ ನಿಯಮವನ್ನೇ ಆಟವಾಗಿಸಿದೆ. ಎಲ್ಲರೂ ಸೊನ್ನೆಯಿಂದ ಆರಂಭಿಸಿ ಪ್ರತಿ ಸುತ್ತಿಗೆ 10 ಕೂಡಿಸಬೇಕು. ಒಬ್ಬ ಹುಡುಗ ಮಾತ್ರ ವೇಗದ ಗಡಿಯಾರ. ಅವನು 11 ಕೂಡಿಸುತ್ತಾನೆ. ಚೀಟಿಯಲ್ಲಿ ಹೆಸರು ಬಂದವರು ತಮ್ಮ ಸಂಖ್ಯೆ ಕೂಗಬೇಕು; ಜಾಲದಲ್ಲೂ ಸರದಿ ಹೀಗೇ ಅದೃಷ್ಟದ್ದು. ಕೇಳಿದ ಸಂಖ್ಯೆ ಹೆಚ್ಚಿದ್ದರೆ ಉಳಿದವರು ತಮ್ಮದನ್ನು ತಿದ್ದಿಕೊಳ್ಳಬೇಕು, ಕಡಿಮೆಯಿದ್ದರೆ ಬಿಡಬೇಕು. ಗಡಿಯಾರ ಹಿಂದಕ್ಕೆ ಹೋಗುವಂತಿಲ್ಲ.

ನಾಲ್ವರೊಂದಿಗೆ ಆಟ ಚೆನ್ನಾಗಿ ನಡೆಯಿತು. ಇಪ್ಪತ್ತು ಮಕ್ಕಳಾದಾಗ ಎಂಟು ಸುತ್ತು ಕಳೆದರೂ ಆ ಹುಡುಗನ ಚೀಟಿ ಬರಲಿಲ್ಲ. ಅವನದು 88, ಉಳಿದವರದು 80. ಆಟ ಕೆಟ್ಟಿತೆಂದು ನಿಲ್ಲಿಸಹೊರಟೆ.

“ಮಿಸ್, ಅವನಿಗೆ ಸರದಿಯೇ ಬರ್ಲಿಲ್ಲ, ನಾವು ಹೇಗೆ ಸರಿಯಾಗೋದು?” ಎಂದಳು ಒಬ್ಬಳು.

ಜಾಲ ದೊಡ್ಡದಾದಾಗ ಈ ನಿಯಮದಲ್ಲಿ ಕಾಣುವ ನಿಜವಾದ ದೋಷವೇ ಅದು! ತಮಗಿಂತ ಮುಂದಿನ ಸಂಖ್ಯೆ ಕೇಳಿದವರ ಚೀಟಿಯನ್ನು ಕೆಲವು ಸುತ್ತು ಹೊರಗಿಡೋಣ ಎಂದು ಮಕ್ಕಳೇ ಸೂಚಿಸಿದರು. ಹಾಗೆ ಮಾಡಿದೆವು. ಹುಡುಗನ ಸಂಖ್ಯೆ ಒಮ್ಮೆ ಕೇಳಿಸಿದ ಮೇಲೆ ಅಂತರ ಬೆಳೆಯಲಿಲ್ಲ.

ನನ್ನ ಪಾಠ ಯೋಜನೆಯಲ್ಲಿ ‘ಕೊನೆಗೆ ಎಲ್ಲರ ಸಂಖ್ಯೆಯೂ ಒಂದಾಗುತ್ತದೆ’ ಎಂದಷ್ಟೇ ಇತ್ತು. ನಾಲ್ವರಲ್ಲಿ ಗೆದ್ದ ಚಟುವಟಿಕೆ ಇಡೀ ತರಗತಿಯಲ್ಲಿ ಗೆಲ್ಲಬೇಕಿಲ್ಲ. ಸೋತಾಗ ಅಳಿಸುವ ಮುನ್ನ ಕಾರಣವನ್ನು ಮಕ್ಕಳನ್ನೇ ಕೇಳಬೇಕೆಂದು ಕಲಿತೆ.