ಹಾಲಿನ ಕೂಲರಿನ ರೋಗಪತ್ತೆಗೆ ಹೊಸ ಉಪಕರಣಗಳು

ಕೆಚ್ಚಲಿನಿಂದ ಆಗತಾನೆ ಕರೆದ ಹಾಲಿನ ಉಷ್ಣತೆ ಸುಮಾರು 37 ಡಿಗ್ರಿ ಸೆಂಟಿಗ್ರೇಡ್ ಇರುತ್ತದೆ. ಈ ಬಿಸಿಯಲ್ಲಿ ಹಾಲನ್ನು ಹುಳಿಯಾಗಿಸುವ ಸೂಕ್ಷ್ಮಜೀವಿಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲವು. 4 ಡಿಗ್ರಿಗೆ ಇಳಿಸಿದರೆ ಅವುಗಳ ಬೆಳವಣಿಗೆ ಬಹುಮಟ್ಟಿಗೆ ಕುಂಠಿತವಾಗುತ್ತದೆ. ಹಳ್ಳಿಯ ಹಾಲು ಉತ್ಪಾದಕರ ಸಂಘಗಳಲ್ಲಿ ಬಲ್ಕ್ ಕೂಲರುಗಳನ್ನು ಇಟ್ಟಿರುವುದು ಇದಕ್ಕಾಗಿಯೇ. ಸಂಜೆಯ ಹಾಲು ತಣಿಯದೆ ರಾತ್ರಿ ಕಳೆದರೆ ಬೆಳಿಗ್ಗೆ ಕುದಿಸಿ ನೋಡುವ ಪರೀಕ್ಷೆಯಲ್ಲಿ ಒಡೆಯುತ್ತದೆ. ಆಗ ಇಡೀ ಊರಿನ ಒಂದು ಹೊತ್ತಿನ ದುಡಿಮೆ ಚರಂಡಿಯ ಪಾಲು.

ಕೂಲರ್ ಕೆಟ್ಟಾಗ ಬರುವ ಮೆಕ್ಯಾನಿಕ್ ಏನನ್ನು ಅಳೆಯುತ್ತಾನೆ, ಅಳತೆಯಿಂದ ಏನು ತಿಳಿಯುತ್ತದೆ ಎಂಬುದು ಸಂಘದ ಕಾರ್ಯದರ್ಶಿಗೂ ಆಡಳಿತ ಮಂಡಳಿಯ ಸದಸ್ಯರಿಗೂ ಸ್ಥೂಲವಾಗಿಯಾದರೂ ಗೊತ್ತಿರಬೇಕು. ಹಣ ಕೊಡುವವರು ಅವರೇ ತಾನೆ.

ಮೂರು ಸಲ ಗ್ಯಾಸ್ ತುಂಬಿದ ಕಥೆ

ಒಂದು ಬೇಸಿಗೆಯಲ್ಲಿ ನಾವು ನೋಡಿದ ಸಂಘವೊಂದರ ಕೂಲರಿಗೆ ಎರಡು ತಿಂಗಳಲ್ಲಿ ಮೂರು ಬಾರಿ ಗ್ಯಾಸ್ ತುಂಬಲಾಗಿತ್ತು. ಪ್ರತಿ ಸಲವೂ ‘ಗ್ಯಾಸ್ ಕಡಿಮೆಯಾಗಿದೆ’ ಎಂಬುದೇ ಕಾರಣ. ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಕೂಲರಿನ ಗ್ಯಾಸು ಪಂಪ್‌ಸೆಟ್ಟಿನ ಡೀಸೆಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದೇ ಗ್ಯಾಸು ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿರಬೇಕು. ಸೋರಿಕೆ ಇಲ್ಲದಿದ್ದರೆ ಕಡಿಮೆಯಾಗಿರುವುದಿಲ್ಲ.

ಆ ಸಂಘದ ಕೂಲರಿನಲ್ಲಿ ಇದ್ದದ್ದು ಆರ್-22 ಗ್ಯಾಸು. ಹೊರಗಿನ ಗಾಳಿ 35 ಡಿಗ್ರಿ ಇದ್ದಾಗ ಹೆಚ್ಚು ಒತ್ತಡದ ಕಡೆಯ ಗೇಜು ಚದರ ಅಂಗುಲಕ್ಕೆ ಸುಮಾರು 335 ಪೌಂಡ್ ತೋರಿಸಿತು. ಈ ಒತ್ತಡದಲ್ಲಿ ಆರ್-22 ದ್ರವವಾಗುವುದು 60 ಡಿಗ್ರಿಯಲ್ಲಿ. ಗಾಳಿಗಿಂತ 25 ಡಿಗ್ರಿ ಹೆಚ್ಚು! ಗಾಳಿಯಿಂದ ತಣಿಯುವ ಕಂಡೆನ್ಸರಿನಲ್ಲಿ ಈ ಅಂತರ 10ರಿಂದ 15 ಡಿಗ್ರಿ ಇದ್ದರೆ ಸರಿ. ಕಂಡೆನ್ಸರಿನ ಹಿಂದೆ ಬಗ್ಗಿ ನೋಡಿದಾಗ ಕಾರಣ ಸಿಕ್ಕಿತು. ಪಶು ಆಹಾರದ ಚೀಲಗಳನ್ನು ಅದರ ಪಕ್ಕದಲ್ಲೇ ಅಟ್ಟಿ ಹಾಕಿದ್ದರು. ತೌಡಿನ ಧೂಳು, ಹುಲ್ಲಿನ ಚೂರು ಸೇರಿ ತಗಡಿನ ರೆಕ್ಕೆಗಳ ಸಂದುಗಳೆಲ್ಲ ಕಂಬಳಿ ಹೊದಿಸಿದಂತೆ ಮುಚ್ಚಿದ್ದವು. ಬಿಸಿ ಹೊರಹೋಗಲು ದಾರಿಯಿಲ್ಲ. ಅದರ ಮೇಲೆ ಬೇಡದ ಗ್ಯಾಸಿನ ಹೊರೆ. ಒತ್ತಡ ಏರಿದಾಗಲೆಲ್ಲ ರಕ್ಷಣಾ ಸ್ವಿಚ್ಚು ಕಂಪ್ರೆಸರನ್ನು ನಿಲ್ಲಿಸುತ್ತಿತ್ತು. ರೆಕ್ಕೆಗಳನ್ನು ತೊಳೆದು, ಗ್ಯಾಸನ್ನು ಸಿಲಿಂಡರಿಗೆ ಹಿಂದಕ್ಕೆ ಎಳೆದು, ಯಂತ್ರದ ಫಲಕದಲ್ಲಿ ಬರೆದಿದ್ದ ತೂಕದಷ್ಟನ್ನೇ ತಕ್ಕಡಿಯಲ್ಲಿಟ್ಟು ತುಂಬಿದ ಮೇಲೆ ಒತ್ತಡ 260ಕ್ಕೆ ಇಳಿಯಿತು. ಚೀಲಗಳು ಬೇರೆ ಕೋಣೆಗೆ ಹೋದವು.

ಗೇಜು ಮತ್ತು ಥರ್ಮಾಮೀಟರ್ ಜೋಡಿ

ಗೇಜು ಒಂದೇ ಇದ್ದರೆ ಅರ್ಧ ವಿಷಯ ಮಾತ್ರ ತಿಳಿಯುತ್ತದೆ. ಗ್ಯಾಸೂ ದ್ರವವೂ ಒಟ್ಟಿಗಿರುವ ಕಡೆ ಪ್ರತಿ ಒತ್ತಡಕ್ಕೂ ಒಂದು ನಿಶ್ಚಿತ ಉಷ್ಣತೆ ಇರುತ್ತದೆ. ಕೊಳವೆಯ ನಿಜವಾದ ಉಷ್ಣತೆಯನ್ನು ಅದರೊಂದಿಗೆ ಹೋಲಿಸಿದಾಗಲೇ ರೋಗ ಗೊತ್ತಾಗುವುದು. ಉದಾಹರಣೆಗೆ, ಆರ್-22 ಇರುವ ಕೂಲರಿನ ಕಡಿಮೆ ಒತ್ತಡದ ಗೇಜು 50 ಪೌಂಡ್ ತೋರಿಸಿದರೆ ತೊಟ್ಟಿಯ ತಳದಲ್ಲಿ ಗ್ಯಾಸು ಸೊನ್ನೆಗಿಂತ ಸುಮಾರು 3 ಡಿಗ್ರಿ ಕೆಳಗೆ ಕುದಿಯುತ್ತಿದೆ ಎಂದರ್ಥ. ಅಲ್ಲಿಂದ ಕಂಪ್ರೆಸರಿಗೆ ಮರಳುವ ಕೊಳವೆ 3 ಡಿಗ್ರಿ ಇದ್ದರೆ ಅಂತರ 6. ಇದು ಆರೋಗ್ಯದ ಲಕ್ಷಣ. ಅದೇ ಕೊಳವೆ 20 ಡಿಗ್ರಿ ಇದ್ದರೆ ತೊಟ್ಟಿಗೆ ಸಾಕಷ್ಟು ದ್ರವ ತಲುಪುತ್ತಿಲ್ಲ. ಅಂತರವೇ ಇಲ್ಲದಿದ್ದರೆ ದ್ರವ ಕಂಪ್ರೆಸರಿಗೇ ನುಗ್ಗುತ್ತಿರಬಹುದು. ಇದು ಎಲ್ಲಕ್ಕಿಂತ ಅಪಾಯ, ವಾಲ್ವುಗಳು ಮುರಿಯುತ್ತವೆ.

ದ್ರವ ತಲುಪದಿರಲು ಎರಡು ಕಾರಣಗಳಿರಬಹುದು: ಗ್ಯಾಸು ಸೋರಿದೆ, ಇಲ್ಲವೇ ದಾರಿಯಲ್ಲಿ ಕಟ್ಟಿಕೊಂಡಿದೆ. ಇವೆರಡನ್ನು ಬೇರ್ಪಡಿಸದೆ ಗ್ಯಾಸ್ ತುಂಬುವುದೇ ಸಾಮಾನ್ಯ ತಪ್ಪು. ಕಂಡೆನ್ಸರಿನಿಂದ ಹೊರಬರುವ ಸಣ್ಣ ಕೊಳವೆಯ ಉಷ್ಣತೆಯನ್ನು ನೋಡಿ. ಹೆಚ್ಚು ಒತ್ತಡದ ಗೇಜು 45 ಡಿಗ್ರಿಗೆ ಸಮನಾದ ಒತ್ತಡ ತೋರಿಸುತ್ತಿದ್ದು, ಕೊಳವೆಯೂ 44 ಇದ್ದರೆ ಕಂಡೆನ್ಸರಿನಲ್ಲಿ ದ್ರವದ ಸಂಗ್ರಹವಿಲ್ಲ, ಗ್ಯಾಸು ನಿಜವಾಗಿಯೂ ಕಡಿಮೆ. ಕೊಳವೆ 30 ಇದ್ದರೆ ದ್ರವ ಬೇಕಾದಷ್ಟಿದೆ. ಮುಂದೆ ಹೋಗದೆ ನಿಂತಿದೆ. ಆಗ ಡ್ರಯರ್ ಅಥವಾ ಎಕ್ಸ್‌ಪ್ಯಾನ್ಷನ್ ವಾಲ್ವನ್ನು ಪರೀಕ್ಷಿಸಬೇಕು. ಡ್ರಯರಿನ ಎರಡು ತುದಿಗಳ ನಡುವೆ ಕೈಗೆ ತಿಳಿಯುವಷ್ಟು ವ್ಯತ್ಯಾಸ ಕಂಡರೆ ಅದೇ ಕಟ್ಟಿಕೊಂಡಿದೆ.

ಇತ್ತೀಚಿನ ಡಿಜಿಟಲ್ ಗೇಜುಗಳು ಈ ಲೆಕ್ಕವನ್ನೆಲ್ಲ ತಾವೇ ಮಾಡುತ್ತವೆ. ಕೊಳವೆಗೆ ಕಚ್ಚಿಸುವ ತಂತಿಯಿಲ್ಲದ ಮಾಪಕಗಳು ಅಳತೆಯನ್ನು ಮೆಕ್ಯಾನಿಕ್ಕನ ಮೊಬೈಲ್ ಫೋನಿಗೆ ಕಳುಹಿಸುತ್ತವೆ. ಆದರೆ ಉಪಕರಣಕ್ಕೆ ಗ್ಯಾಸಿನ ಹೆಸರನ್ನು ತಪ್ಪಾಗಿ ಹೇಳಿದರೆ ಎಲ್ಲ ಲೆಕ್ಕವೂ ತಪ್ಪುತ್ತದೆ. 60 ಪೌಂಡ್ ಒತ್ತಡವೆಂದರೆ ಆರ್-22ಕ್ಕೆ ಸುಮಾರು 1 ಡಿಗ್ರಿ. ಆರ್-404ಎ ಗ್ಯಾಸಿಗೆ ಸೊನ್ನೆಗಿಂತ 5 ಡಿಗ್ರಿ ಕೆಳಗೆ. ಆದ್ದರಿಂದ ಫಲಕದಲ್ಲಿ ಬರೆದಿರುವ ಗ್ಯಾಸಿನ ಹೆಸರನ್ನು ಮೆಕ್ಯಾನಿಕ್ಕನಿಗೆ ಮೊದಲು ತೋರಿಸತಕ್ಕದ್ದು.

ಪಿಸ್ತೂಲಿನಂತೆ ಹಿಡಿದು ಕೆಂಪು ಚುಕ್ಕೆ ಬಿಡುವ ಥರ್ಮಾಮೀಟರುಗಳು ಈಗ ಎಲ್ಲೆಡೆ ಬಂದಿವೆ. ಹೊಳೆಯುವ ತಾಮ್ರ ಮತ್ತು ಸ್ಟೀಲಿನ ಮೇಲೆ ಇವುಗಳ ಮಾತನ್ನು ನಂಬಬಾರದು. ಹೊಳಪು ಮೈ ಸುತ್ತಲಿನ ಬಿಸಿಯನ್ನೇ ಪ್ರತಿಫಲಿಸುತ್ತದೆ. ಕೊಳವೆಗೆ ಕರಿಯ ಇನ್ಸುಲೇಷನ್ ಟೇಪು ಸುತ್ತಿ, ಸ್ವಲ್ಪ ಹೊತ್ತು ಬಿಟ್ಟು, ಆ ಟೇಪಿನ ಮೇಲೆ ಹಿಡಿದರೆ ಅಳತೆ ಸರಿಬರುತ್ತದೆ.

ಸೋರಿಕೆ ಹುಡುಕುವ ಬಗೆ

ಹಿಂದೆ ಹ್ಯಾಲೈಡ್ ದೀಪ ಎಂಬುದೊಂದಿತ್ತು. ಸೋರುವ ಗ್ಯಾಸು ತಗುಲಿದೊಡನೆ ಅದರ ಜ್ವಾಲೆ ಹಸಿರಾಗುತ್ತಿತ್ತು. ಗ್ಯಾಸಿನಲ್ಲಿ ಕ್ಲೋರಿನ್ ಇದ್ದರೆ ಮಾತ್ರ ಈ ಬಣ್ಣ ಬರುವುದು. ಆರ್-134ಎ, ಆರ್-404ಎಗಳಲ್ಲಿ ಕ್ಲೋರಿನ್ ಇಲ್ಲದಿರುವುದರಿಂದ ಅವಕ್ಕೆ ಆ ದೀಪ ಪ್ರಯೋಜನವಿಲ್ಲ. ಈಗ ಬಂದಿರುವ ಎಲೆಕ್ಟ್ರಾನಿಕ್ ಶೋಧಕಗಳು ಸೋರಿಕೆಯ ಬಳಿ ಕಿರುಗುಟ್ಟುತ್ತವೆ. ಸ್ಥಳ ಗೊತ್ತಾದ ಮೇಲೆ ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡುವುದು ಇಂದಿಗೂ ಒಳ್ಳೆಯ ಕ್ರಮವೇ. ಕೊಳವೆಯ ಕೂಡುಗಳಲ್ಲಿ ಎಣ್ಣೆಯ ಕಲೆ ಕಂಡರೆ ಅಲ್ಲಿಂದಲೇ ಆರಂಭಿಸಬಹುದು. ಒತ್ತಡ ಕೊಟ್ಟು ಪರೀಕ್ಷಿಸಲು ಒಣ ನೈಟ್ರೋಜನ್ ಮಾತ್ರ ಬಳಸಬೇಕು. ವೆಲ್ಡಿಂಗಿನ ಆಮ್ಲಜನಕವನ್ನು ಎಂದಿಗೂ ಬಿಡಕೂಡದು; ಎಣ್ಣೆಯೊಡನೆ ಸೇರಿ ಸ್ಫೋಟವಾಗಬಹುದು.

ರಿಪೇರಿಯಾದ ಮೇಲೆ ಕೊಳವೆಯೊಳಗಿನ ಗಾಳಿ, ತೇವಗಳನ್ನು ಪಂಪಿನಿಂದ ಎಳೆಯಬೇಕು. ‘ಅರ್ಧ ಗಂಟೆ ಪಂಪು ಓಡಿಸಿದೆ’ ಎಂಬುದು ಅಳತೆಯಲ್ಲ. ಮೈಕ್ರಾನ್ ಗೇಜು 500ಕ್ಕಿಂತ ಕೆಳಗಿಳಿದು, ಪಂಪು ನಿಲ್ಲಿಸಿದ ಮೇಲೂ ಹೆಚ್ಚು ಏರದೆ ನಿಂತರೆ ಒಳಗೆ ತೇವವಿಲ್ಲ, ಸೋರಿಕೆಯೂ ಇಲ್ಲ.

ವಿದ್ಯುತ್ತಿನ ದೋಷ

ಹಳ್ಳಿಗಳಲ್ಲಿ ಕಂಪ್ರೆಸರ್ ಸುಡುವುದು ಗ್ಯಾಸಿನಿಂದಲ್ಲದೆ ಕರೆಂಟಿನಿಂದಲೂ ಉಂಟು. ಮೂರು ಫೇಸುಗಳ ವೋಲ್ಟೇಜು 410, 400, 381 ಇದೆ ಎನ್ನೋಣ. ಸರಾಸರಿ 397, ಅತಿ ಹೆಚ್ಚು ವ್ಯತ್ಯಾಸ 16, ಅಂದರೆ ಶೇಕಡ 4. ಇಷ್ಟಕ್ಕೇ ಮೋಟಾರಿನ ಸುರುಳಿಯ ಬಿಸಿಯೇರಿಕೆ ಶೇಕಡ 32ರಷ್ಟು ಹೆಚ್ಚುತ್ತದೆಂಬುದು ರೂಢಿಯ ಲೆಕ್ಕ. ಟಾಂಗ್ ಟೆಸ್ಟರಿನಿಂದ ಮೂರು ತಂತಿಗಳ ಆಂಪಿಯರನ್ನೂ ನೋಡಬೇಕು, ಒಂದನ್ನೇ ನೋಡಿ ಬಿಡಬಾರದು. ಮೆಗ್ಗರಿನಿಂದ ಸುರುಳಿಯ ನಿರೋಧ ಪರೀಕ್ಷಿಸುವುದು ಅಗತ್ಯ. ಆದರೆ ಕಂಪ್ರೆಸರಿನೊಳಗೆ ನಿರ್ವಾತವಿರುವಾಗ ಮೆಗ್ಗರ್ ಹಚ್ಚಿದರೆ ಸುರುಳಿಯೇ ಹಾಳಾಗಬಹುದು.

ಸಂಘದವರೇ ಮಾಡಬಹುದಾದುದು

1000 ಲೀಟರ್ ಹಾಲನ್ನು 35ರಿಂದ 4 ಡಿಗ್ರಿಗೆ ಇಳಿಸಲು ಸುಮಾರು 29,700 ಕಿಲೋಕ್ಯಾಲೊರಿ ಶಾಖವನ್ನು ತೆಗೆಯಬೇಕು. ಇದನ್ನು 3 ಗಂಟೆಯಲ್ಲಿ ಮಾಡಲು 3.3 ಟನ್ ಸಾಮರ್ಥ್ಯದ ಯಂತ್ರ ಬೇಕು. ನಿಮ್ಮ ಕೂಲರ್ ಹೊಸದಿದ್ದಾಗ ಎಷ್ಟು ಲೀಟರಿಗೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು ಎಂಬುದನ್ನು ಬರೆದಿಟ್ಟಿದ್ದರೆ, ಅದು 3 ಗಂಟೆಯಿಂದ ನಾಲ್ಕಕ್ಕೆ ಜಾರಿದಾಗಲೇ, ಹಾಲು ಕೆಡುವ ಮೊದಲೇ, ಎಚ್ಚರಗೊಳ್ಳಬಹುದು. ಉಷ್ಣತೆ ನೋಡುವ ಮುನ್ನ ಕಲಕುವ ಯಂತ್ರವನ್ನು ಕೆಲವು ನಿಮಿಷ ಓಡಿಸಿರಬೇಕು.

ಥರ್ಮಾಮೀಟರನ್ನೂ ಆಗಾಗ ಪರೀಕ್ಷಿಸಿ. ಪುಡಿ ಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಬೆರೆಸಿ ಅದರಲ್ಲಿ ಮುಳುಗಿಸಿದರೆ ಸೊನ್ನೆ ತೋರಿಸಬೇಕು. ಕುದಿಯುವ ನೀರಿನಲ್ಲಿ ನೋಡುವುದು ನಮ್ಮಲ್ಲಿ ಸರಿಯಾಗದು. ಬೆಂಗಳೂರಿನಷ್ಟು ಎತ್ತರದಲ್ಲಿ ನೀರು ಕುದಿಯುವುದು 97 ಡಿಗ್ರಿಯ ಸುಮಾರಿಗೆ.

ಮೆಕ್ಯಾನಿಕ್ ಹೊರಡುವ ಮುನ್ನ ಎರಡೂ ಗೇಜುಗಳ ಒತ್ತಡ, ಎರಡು ಕೊಳವೆಗಳ ಉಷ್ಣತೆ, ಹೊರಗಿನ ಗಾಳಿಯ ಉಷ್ಣತೆ, ಮೂರು ಫೇಸುಗಳ ಆಂಪಿಯರ್, ಗ್ಯಾಸ್ ಹಾಕಿದ್ದರೆ ಅದರ ತೂಕ, ಸೋರಿಕೆ ಎಲ್ಲಿತ್ತು ಎಂಬುದನ್ನು ಸಂಘದ ಪುಸ್ತಕದಲ್ಲಿ ಅವರ ಕೈಯಿಂದಲೇ ಬರೆಸಿ, ಸಹಿ ಹಾಕಿಸಿಕೊಳ್ಳಿ. ಆ ಪುಸ್ತಕವನ್ನು ಕೂಲರಿನ ಕೋಣೆಯಲ್ಲೇ, ಗೋಡೆಗೆ ಮೊಳೆ ಹೊಡೆದು ತೂಗುಹಾಕುವುದು ಒಳ್ಳೆಯದು. ಬೀರುವಿನಲ್ಲಿಟ್ಟರೆ ಬೇಕಾದಾಗ ಬೀಗದ ಕೈ ಸಿಗುವುದಿಲ್ಲ.