ತಲೆ ಕೊಡುವ ಮುನ್ನ: ಮಾಡಬೇಕಾದ್ದು, ಮಾಡಬಾರದ್ದು

ಗುಬ್ಬಿ ತಾಲ್ಲೂಕು ಕಡಬ ಹೋಬಳಿಯ ಎಲ್ಲ ಮನೆಯವರ ಗಮನಕ್ಕೆ:

ಕತ್ತು ಉಳುಕಿದರೆ ಎಣ್ಣೆ ನೀವಿ ಉಳುಕು ತೆಗೆಸುವುದು, ಎಳೆಗೂಸಿಗೆ ನೀರು ಹಾಕುವಾಗ ತಲೆ ಗುಂಡಗಾಗಲೆಂದು ಒತ್ತುವುದು ನಮ್ಮ ಮನೆಗಳಲ್ಲಿ ಹಿಂದಿನಿಂದ ಬಂದದ್ದು. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಕ್ಕಳು ಅಪ್ಪ ಅಮ್ಮನನ್ನು ಕರೆಸಿಕೊಂಡು ತಲೆನೋವಿಗೆ, ನಿದ್ದೆ ಬಾರದ್ದಕ್ಕೆ ಕ್ರೇನಿಯೋಸೇಕ್ರಲ್ ಥೆರಪಿ ಕೊಡಿಸುವುದೂ ಉಂಟು. ತಲೆಬುರುಡೆಯ ಮೇಲೆ, ಬೆನ್ನುಮೂಳೆಯ ಬುಡದಲ್ಲಿರುವ ತ್ರಿಕಾಸ್ಥಿಯ ಮೇಲೆ ಕೈಯಿಟ್ಟು ಮಾಡುವ ಉಪಚಾರ ಅದು. ಊರಿನ ಕೈಯಾಗಲಿ, ಪೇಟೆಯ ಕೈಯಾಗಲಿ, ತಲೆ ಕತ್ತು ಬೆನ್ನನ್ನು ಒಪ್ಪಿಸುವ ಮುನ್ನ ಇದನ್ನು ಓದಿ. ಓದಲು ಬಾರದವರಿಗೆ ಓದಿ ಹೇಳಿ.

ಅಲ್ಲಿ ನಡೆಯುವುದೇನು

ಎಣ್ಣೆ ಇಲ್ಲ, ಸೂಜಿ ಇಲ್ಲ, ಮಾತ್ರೆ ಇಲ್ಲ. ಉಟ್ಟ ಬಟ್ಟೆಯಲ್ಲೇ ಅಂಗಾತ ಮಲಗಿಸುತ್ತಾರೆ. ಬಟ್ಟೆ ತೆಗೆಯಿರಿ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ. ಥೆರಪಿಸ್ಟ್ ನಿಮ್ಮ ತಲೆಯ ಹಿಂದೆ ಸ್ಟೂಲ್ ಹಾಕಿಕೊಂಡು ಕೂತು, ಎರಡೂ ಅಂಗೈಯನ್ನು ಹಿಂದಲೆಯ ಕೆಳಗೆ ತೂರಿಸಿ ಸುಮ್ಮನೆ ಇಟ್ಟುಕೊಂಡಿರುತ್ತಾರೆ. ಆಮೇಲೆ ಹಣೆ, ಕಿವಿಯ ಹಿಂಭಾಗ, ಸೊಂಟದ ಕೆಳಗೆ. ಒತ್ತಡ ಸುಮಾರು 5 ಗ್ರಾಂ ಎನ್ನುತ್ತಾರೆ, ಅಂದರೆ ಒಂದು ನಾಣ್ಯದ ಭಾರ. ಹೀಗೆ 45 ನಿಮಿಷದಿಂದ ಒಂದು ಗಂಟೆ. ಎಷ್ಟೋ ಜನ ಅಲ್ಲೇ ನಿದ್ದೆ ಹೋಗುತ್ತಾರೆ. ಎದ್ದ ಮೇಲೆ ಮೈ ಹಗುರವಾಯಿತು ಎನ್ನುವವರಿದ್ದಾರೆ, ತಲೆ ಸುತ್ತಿತು ಎನ್ನುವವರೂ ಇದ್ದಾರೆ.

ಇದರ ಮೂಲ ಅಮೆರಿಕ. ವಿಲಿಯಂ ಸದರ್ಲೆಂಡ್ ಎಂಬ ಆಸ್ಟಿಯೋಪಥಿ ವೈದ್ಯರು 1930ರ ದಶಕದಲ್ಲಿ ಬುರುಡೆಯ ಮೂಳೆಗಳು ಅಲುಗಾಡುತ್ತವೆ ಎಂದರು. 1970ರ ದಶಕದಲ್ಲಿ ಜಾನ್ ಅಪ್ಲೆಡ್ಜರ್ ಅದನ್ನೇ ಬೆಳೆಸಿ ಈಗಿನ ಹೆಸರು ಕೊಟ್ಟರು. ಮಿದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ನಾಡಿಯಂತೆ ಒಂದು ಲಯವಿದೆ, ಅದು ಕೈಗೆ ಸಿಗುತ್ತದೆ, ಏರುಪೇರಾದರೆ ಸರಿಪಡಿಸಬಹುದು ಎಂಬುದು ಅವರ ವಾದ. ಆ ದ್ರವ ಇರುವುದು ನಿಜ. ದೊಡ್ಡವರಲ್ಲಿ ಸುಮಾರು 150 ಮಿಲಿಲೀಟರ್ ಇರುತ್ತದೆ, ಎದೆಬಡಿತಕ್ಕೂ ಉಸಿರಿಗೂ ತಕ್ಕಂತೆ ಅಲುಗುತ್ತದೆ. ಆದರೆ ಒಬ್ಬನೇ ರೋಗಿಯನ್ನು ಬೇರೆ ಬೇರೆ ಥೆರಪಿಸ್ಟರು ಮುಟ್ಟಿ ಎಣಿಸಿದಾಗ ಅವರ ಲೆಕ್ಕಗಳು ತಾಳೆಯಾಗಿಲ್ಲ. ದೊಡ್ಡವರ ಬುರುಡೆಯ ಮೂಳೆಗಳು ಒಂದಕ್ಕೊಂದು ಹಲ್ಲುಕಚ್ಚಿ ಕೂತಿರುತ್ತವೆ. ನಾಣ್ಯದ ಭಾರಕ್ಕೆ ಅವು ಜರುಗುವುದಿಲ್ಲ. ಕುತ್ತಿಗೆನೋವು ತಗ್ಗಿತೆಂದು ತೋರಿಸಿದ ಸಣ್ಣ ಅಧ್ಯಯನಗಳಿವೆ. ಕಾಯಿಲೆ ವಾಸಿಯಾಗುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ.

ಒಂದು ಗಂಟೆ ನೆಮ್ಮದಿಯಾಗಿ ಮಲಗಿದ್ದಕ್ಕೆ ಸಿಗುವ ಆರಾಮ ಸುಳ್ಳಲ್ಲ. ಅದಕ್ಕಾಗಿ ದುಡ್ಡು ಕೊಡುವುದು ನಿಮ್ಮ ಇಷ್ಟ. ಚಿಕಿತ್ಸೆ ಎಂದು ಕೊಡಬೇಡಿ.

ಮಾಡಬೇಕಾದ್ದು

ತಲೆನೋವು ಹೊಸದಾಗಿ ಶುರುವಾಗಿದ್ದರೆ ಮೊದಲು ಎಂಬಿಬಿಎಸ್ ವೈದ್ಯರಿಗೆ ತೋರಿಸಿ, ಬಿಪಿ ನೋಡಿಸಿ. ಇದ್ದಕ್ಕಿದ್ದಂತೆ ಸಿಡಿಲು ಬಡಿದಂಥ ತಲೆನೋವು, ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಜ್ವರದ ಜೊತೆ ಕತ್ತು ಬಿಗಿಯುವುದು, ಬೆನ್ನುನೋವಿನ ಜೊತೆ ಕಾಲು ಜೋಮು ಹಿಡಿದು ಮೂತ್ರ ಕಟ್ಟುವುದು: ಇವುಗಳಲ್ಲಿ ಯಾವುದಿದ್ದರೂ ನೇರ ಆಸ್ಪತ್ರೆಗೆ ಹೋಗಬೇಕು.

ಥೆರಪಿಗೆ ಹೋಗುವುದೇ ಆದರೆ ನಿಮಗಿರುವ ಕಾಯಿಲೆ, ಆಗಿರುವ ಆಪರೇಷನ್, ನುಂಗುತ್ತಿರುವ ಮಾತ್ರೆ ಎಲ್ಲವನ್ನೂ ಮೊದಲೇ ಹೇಳಿ. ನಿಮ್ಮ ಓದೇನು, ಎಲ್ಲಿ ಕಲಿತಿರಿ ಎಂದು ಕೇಳಲು ಸಂಕೋಚ ಬೇಡ. ರಾಜ್ಯದಲ್ಲಿ ಚಿಕಿತ್ಸೆ ಕೊಡುವ ಖಾಸಗಿ ಸಂಸ್ಥೆಗಳಿಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಇರಬೇಕು. ಆ ಪತ್ರ ಗೋಡೆಯ ಮೇಲಿದೆಯೇ ನೋಡಿ. ಒಂದು ಸಲಕ್ಕೆ ಎಷ್ಟು ಎಂದು ಕೇಳಿ ರಸೀದಿ ಪಡೆಯಿರಿ. ಜೊತೆಗೆ ಮನೆಯವರೊಬ್ಬರು ಇರಲಿ.

ಮಾಡಬಾರದ್ದು

ಬಿಪಿ, ಸಕ್ಕರೆ ಕಾಯಿಲೆ, ಮೂರ್ಛೆರೋಗದ ಮಾತ್ರೆ ನಿಲ್ಲಿಸಕೂಡದು. ನಿಲ್ಲಿಸಿ ಎಂದವರ ಬಳಿ ಎರಡನೇ ಸಲ ಹೋಗಕೂಡದು. ಮಿದುಳಿನಲ್ಲಿ ರಕ್ತಸ್ರಾವ ಆದವರು, ರಕ್ತನಾಳ ಉಬ್ಬಿದೆ ಎಂದು ಸ್ಕ್ಯಾನಿನಲ್ಲಿ ಬಂದವರು, ಇತ್ತೀಚೆಗೆ ತಲೆಗೆ ಪೆಟ್ಟು ಬಿದ್ದವರು ಈ ಥೆರಪಿ ಮಾಡಿಸಿಕೊಳ್ಳಲೇಬಾರದು. ಹತ್ತು ಸಲದ ಹಣ ಮುಂಗಡ ಕಟ್ಟಬೇಡಿ. ಕಟಿಂಗ್ ಶಾಪಿನಲ್ಲಿ ಕತ್ತು ತಿರುಗಿಸಿ ನೆಟಿಕೆ ತೆಗೆಸಿಕೊಳ್ಳುವುದನ್ನು ಇವತ್ತೇ ಬಿಡಿ. ಕತ್ತಿನೊಳಗಿನ ರಕ್ತನಾಳ ಸೀಳಿ ಲಕ್ವ ಹೊಡೆಯಬಹುದು.

ಎಳೆಗೂಸಿನ ವಿಷಯ

ಇಲ್ಲಿ ರಿಯಾಯಿತಿಯೇ ಇಲ್ಲ. ಹೆರಿಗೆಯಲ್ಲಿ ತಲೆ ಉದ್ದವಾಗಿ ಬಂದ ಕೂಸಿಗೆ ಸಾಮಾನ್ಯವಾಗಿ ಅದು ದಿನ ಕಳೆದಂತೆ ತಾನೇ ಸರಿಹೋಗುತ್ತದೆ. ಮುಂದಲೆಯ ಮೆದು ನೆತ್ತಿ ಮುಚ್ಚಲು ಒಂದೂವರೆ ವರ್ಷದವರೆಗೂ ಹಿಡಿಯಬಹುದು. ಅಲ್ಲಿ ಮೂಳೆ ಇನ್ನೂ ಕೂಡಿಲ್ಲ. ಎಣ್ಣೆಯನ್ನು ಮೆಲ್ಲಗೆ ಸವರಿದರೆ ಸಾಕು, ಒತ್ತಬಾರದು, ತಟ್ಟಬಾರದು. ನೆತ್ತಿ ಗುಳಿಬಿದ್ದರೆ ಬಾಯೊಳಗೆ ಬೆರಳು ಹಾಕಿ ಅಂಗಳ ಎತ್ತಬಾರದು. ಭೇದಿ, ವಾಂತಿಯಿಂದ ಮೈಯ ನೀರು ಆರಿದಾಗ ನೆತ್ತಿ ಹಾಗೆ ಗುಳಿಬೀಳುತ್ತದೆ. ಎದೆಹಾಲು ನಿಲ್ಲಿಸದೆ, ಆಶಾ ಕಾರ್ಯಕರ್ತೆಯಿಂದ ಓಆರ್‌ಎಸ್ ಕೇಳಿ ಪಡೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರದಲ್ಲಿ ನೆತ್ತಿ ಉಬ್ಬಿದರೆ ಒಂದು ಗಳಿಗೆಯೂ ಕಾಯುವಂತಿಲ್ಲ.

ಅಳುವ ಕೂಸನ್ನು ಸುಮ್ಮನಾಗಿಸುತ್ತೇವೆ ಎಂದು ಯಾವ ಥೆರಪಿಸ್ಟ್ ಹೇಳಿದರೂ ಕತ್ತು ಬಗ್ಗಿಸಲು ಬಿಡಬೇಡಿ. ನೆದರ್ಲೆಂಡ್ಸಿನಲ್ಲಿ ಕ್ರೇನಿಯೋಸೇಕ್ರಲ್ ಥೆರಪಿಸ್ಟ್ ಎನಿಸಿಕೊಂಡವರೊಬ್ಬರು ಮೂರು ತಿಂಗಳ ಹೆಣ್ಣುಕೂಸಿನ ಕತ್ತು ಬೆನ್ನನ್ನು ಆಳವಾಗಿ ಬಗ್ಗಿಸಿದರು. ಕೂಸು ಉಳಿಯಲಿಲ್ಲ. 2009ರಲ್ಲಿ ಅಲ್ಲಿನ ವೈದ್ಯರೇ ಇದನ್ನು ವರದಿ ಮಾಡಿದ್ದಾರೆ.

ಮರದಿಂದ ಬಿದ್ದವರು

ತೆಂಗು ಅಡಿಕೆಯ ಸೀಮೆ ನಮ್ಮದು. ಕಾಯಿ ಕೀಳುವಾಗ ಬಿದ್ದವನ ಸುತ್ತ ಜನ ಸೇರಿ ಮೊದಲು ಮಾಡುವುದೇ ಕಂಕುಳಿಗೆ ಕೈಹಾಕಿ ಎಬ್ಬಿಸಿ ಕೂರಿಸುವುದು, ನೀರು ಕುಡಿಸುವುದು, ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿ ಉಳುಕು ತೆಗೆಯುವವರ ಮನೆಗೆ ಒಯ್ಯುವುದು. ಕತ್ತಿನ ಮೂಳೆ ಮುರಿದಿದ್ದರೆ ಈ ಎಬ್ಬಿಸುವುದರಲ್ಲೇ ಬೆನ್ನುಹುರಿ ಕತ್ತರಿಸಿ ಕೈಕಾಲು ಶಾಶ್ವತವಾಗಿ ಹೋಗಬಹುದು.

ಬಿದ್ದಲ್ಲೇ ಇರಲಿ. ಒಬ್ಬರು ತಲೆಯ ಹಿಂದೆ ಮಂಡಿಯೂರಿ ಎರಡೂ ಕೈಯಲ್ಲಿ ತಲೆಯನ್ನು ಅಲುಗದಂತೆ ಹಿಡಿದಿರಬೇಕು, ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ಸಾಗಿಸಲೇಬೇಕಾದರೆ ನಾಲ್ಕೈದು ಜನ ಸೇರಿ ತಲೆ, ಬೆನ್ನು, ಸೊಂಟ ಒಂದೇ ಗೆರೆಯಲ್ಲಿರುವಂತೆ ಹೊರಳಿಸಿ ಅಗಲವಾದ ಹಲಗೆಯ ಮೇಲೆ ಮಲಗಿಸಿ. ಬಾಯಿಗೆ ಏನನ್ನೂ ಹಾಕಬೇಡಿ. ಕಿವಿ, ಮೂಗಿನಿಂದ ರಕ್ತ ಬಂದರೆ, ಅಥವಾ ತಿಳಿನೀರಿನಂಥದ್ದು ತೊಟ್ಟಿಕ್ಕಿದರೆ ಹತ್ತಿ ತುರುಕಬೇಡಿ. ಆ ತಿಳಿನೀರು ಮಿದುಳಿನ ದ್ರವವೇ ಇರಬಹುದು, ಬುರುಡೆ ಬಿರಿದಿದೆ ಎಂದರ್ಥ. ಎದ್ದು ಓಡಾಡಿದ, ಏನೂ ಆಗಿಲ್ಲ ಎಂದ ಮೇಲೂ ಒಂದು ದಿನ ಒಬ್ಬನೇ ಬಿಡಬೇಡಿ. ವಾಂತಿಯಾದರೆ, ಮಂಪರು ಹತ್ತಿದರೆ ಸ್ಕ್ಯಾನಿಂಗ್ ಇರುವ ಆಸ್ಪತ್ರೆಗೆ, ತುಮಕೂರಿಗಾದರೂ ಸರಿ, ಕೂಡಲೇ ಸಾಗಿಸಿ.

ಉಳುಕು ತೆಗೆಯುವ ಹಿರಿಯರಲ್ಲೂ ಒಂದು ವಿನಂತಿ: ನಿಮ್ಮ ಕೈಗುಣದ ಮೇಲೆ ಊರಿಗೆ ನಂಬಿಕೆಯಿದೆ. ಮರದಿಂದ ಬಿದ್ದವರು, ಗಾಡಿಯಿಂದ ಬಿದ್ದವರು ನಿಮ್ಮ ಬಾಗಿಲಿಗೆ ಬಂದರೆ ಮುಟ್ಟದೆ ಆಸ್ಪತ್ರೆಗೆ ಕಳಿಸಿಕೊಡಿ.